ಕೀಲಿಯ ಬದಲು ನೂಲು

ಮಾವಶಿಯ ಬಲಗೈ ತೋರುಬೆರಳಿನಲ್ಲಿ ಒಂದು ಕಾಲುವೆ ಇತ್ತು. ಮೊದಲ ಗೆಣ್ಣಿನ ಕೆಳಗೆ, ಚಾಕುವಿನಿಂದ ಗೀರಿದಂತೆ ನೇರವಾಗಿ, ಒಂದು ಅಕ್ಕಿಕಾಳು ಇಟ್ಟರೆ ಕೂರುವಷ್ಟು ಆಳ. ಮಿಲ್ಲಿನ ನೂಲು ವರ್ಷಗಟ್ಟಲೆ ಆ ಬೆರಳಿನ ಮೇಲೆ ಓಡಿ ಓಡಿ ಮಾಡಿಕೊಂಡ ದಾರಿ ಅದು. ಅಕ್ಕಿ ಆರಿಸುವಾಗ, ಚಹಾ ಸೋಸುವಾಗ, ನನ್ನ ಕೆನ್ನೆ ಹಿಂಡುವಾಗ ಕೂಡ ಆ ಬೆರಳು ಉಳಿದವಕ್ಕಿಂತ ಒಂದಿಷ್ಟು ಮುಂದೆಯೇ ಇರುತ್ತಿತ್ತು.

ಮರಾಠಿಯಲ್ಲಿ ಮಾವಶಿ ಎಂದರೆ ಚಿಕ್ಕಮ್ಮ. ಪರೇಲಿನಲ್ಲಿ ನಾವಿದ್ದ ಚಾಳಿನ ಮೂರು ಮಾಳಿಗೆಯವರೂ ಅವರನ್ನು ಹಾಗೇ ಕರೆಯುತ್ತಿದ್ದರು. ಅವರು ವಿಜಾಪುರ ಕಡೆಯ ಕನ್ನಡದ ಹೆಂಗಸು ಎಂಬುದು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಹತ್ತಿರದ ಒಂದು ಮಿಲ್ಲಿನ ನೂಲು ಸುತ್ತುವ ವೈಂಡಿಂಗ್ ವಿಭಾಗಕ್ಕೆ ಸೇರಿದ್ದರು. ಸಾಲಾಗಿ ತಿರುಗುವ ಬಾಬಿನ್ನುಗಳ ಮುಂದೆ ನಿಂತು, ಎಲ್ಲಿ ನೂಲು ತುಂಡಾಯಿತೋ ಅಲ್ಲಿ ಎರಡು ತುದಿ ಹಿಡಿದು ಗಂಟು ಹಾಕುವುದು ಅವರ ಕೆಲಸ. ಮಿಲ್ಲಿನ ಸೈರನ್ನಿಗೆ ಭೋಂಗಾ ಎನ್ನುತ್ತಿದ್ದೆವು; ಬೆಳಗಿನ ಭೋಂಗಾ ಕೂಗಿದಾಗಿನಿಂದ ಸಂಜೆಯ ಭೋಂಗಾ ಕೂಗುವವರೆಗೆ ಅದೇ.

ನಾನು ಮದುವೆಯಾಗಿ ಧಾರವಾಡದಿಂದ ಆ ಚಾಳಿಗೆ ಬಂದದ್ದು ಐವತ್ತರ ದಶಕದ ಮೊದಲ ವರ್ಷಗಳಲ್ಲಿ. ಬರುವಾಗ ನನ್ನ ಜೊತೆ ಎರಡು ಟ್ರಂಕು, ಒಂದು ತಾಮ್ರದ ಹಂಡೆ, ಗೋಣಿಚೀಲದ ತುಂಬ ಹಿತ್ತಾಳೆ ಪಾತ್ರೆ ಬಂದವು. ಖೋಲಿ ಹತ್ತು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲ. ಹಂಡೆಯನ್ನು ಇಟ್ಟ ಮೇಲೆ ಗಂಡ ಕಾಲು ಮಡಿಚಿ ಮಲಗಬೇಕಾಯಿತು. ಆದರೂ ನನಗೆ ಅದರ ಮೇಲೆ ಎಂಥ ಮೋಹ ಅಂತೀರಿ! ಗೋಡೆಯ ಹಲಗೆಗಳ ಮೇಲೆ ದೊಡ್ಡದರಿಂದ ಸಣ್ಣದರ ತನಕ ಜೋಡಿಸಿ, ಪ್ರತಿ ಶುಕ್ರವಾರ ಅರ್ಧ ದಿನ ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಾಗಿಲು ತೆರೆದಿಡುತ್ತಿದ್ದೆ. ಗ್ಯಾಲರಿಯಲ್ಲಿ ಹೋಗುವವರು ನೋಡಲಿ ಅಂತ. ಬೇರೆ ಯಾವ ಕಾರಣವೂ ಇರಲಿಲ್ಲ.

ಮಾವಶಿಯ ಖೋಲಿ ನಮ್ಮ ಪಕ್ಕದ್ದು. ಮೊದಲ ಸಲ ಒಳಗೆ ಹೋದಾಗ ಇವರು ಖೋಲಿ ಬಿಟ್ಟು ಹೊರಟಿದ್ದಾರೆ ಅಂದುಕೊಂಡೆ. ಒಂದು ಪಾತೇಲಿ, ಒಂದು ತವೆ, ಒಂದು ತಾಟು, ಎರಡು ಲೋಟ, ಸುತ್ತಿಟ್ಟ ಚಾಪೆ, ಹಗ್ಗದ ಮೇಲೆ ಒಂದು ಸೀರೆ. ಇನ್ನೊಂದು ಅವರ ಮೈಮೇಲೆ. ಉಳಿದದ್ದೆಲ್ಲ ಗಾಳಿ, ಬೆಳಕು. ಕೆಲಸಕ್ಕೆ ಹೋಗುವಾಗ ಬಾಗಿಲಿಗೆ ಅವರು ಕೀಲಿ ಹಾಕುತ್ತಿರಲಿಲ್ಲ. ಮಿಲ್ಲಿನ ನೂಲಿನ ಒಂದು ತುಂಡಿನಿಂದ ಚಿಲಕ ಕಟ್ಟಿ, ಕಣ್ಣು ಮಿಟುಕಿಸುವುದರೊಳಗೆ ಒಂದು ಗಂಟು ಹಾಕಿ ನಡೆದುಬಿಡುತ್ತಿದ್ದರು.

"ಕಳ್ಳ ಬಂದ್ರ ಏನ್ ಮಾಡ್ತೀರಿ?" ಎಂದು ಕೇಳಿದೆ.

"ಬಂದ್ರ ಪಾಪ, ಅವಗs ಬ್ಯಾಸರ ಆಗ್ತೈತಿ. ಚಹಾಪುಡಿ ಡಬ್ಬ್ಯಾಗ ಐತಿ, ಮಾಡ್ಕೊಂಡು ಕುಡದು ಹೋಗ್ಲಿ."

"ಹಂಗಾದ್ರ ನೂಲರ ಯಾಕ ಕಟ್ತೀರಿ?"

"ಬೆಕ್ಕು ಹೋಗ್ತೈತಲ್ಲವ್ವಾ ಒಳಗ. ಕಳ್ಳಗ ಸ್ವಲ್ಪರ ನಾಚಿಕಿ ಇರ್ತೈತಿ, ಬೆಕ್ಕಿಗೆ ಅದೂ ಇಲ್ಲ!" ಎಂದು ಗೊಳ್ಳೆಂದು ನಕ್ಕರು. ಅವರ ನಗು ಭಾರಿ ಜೋರು. ಮಿಲ್ಲಿನ ಗದ್ದಲದಲ್ಲಿ ನಕ್ಕು ರೂಢಿ. ಎಲ್ಲಿ ನಗಬಾರದೋ ಅಲ್ಲೇ ಮೊದಲು ನಗುತ್ತಿದ್ದರು. ಅವರು ಮಾಡುವ ಚಹಾ ಮಾತ್ರ ಶತ್ರುವಿಗೂ ಬೇಡ, ಅಷ್ಟು ಕಹಿ.

ಅವರ ಮನೆಯಲ್ಲೂ ಒಂದು ಕಾಲಕ್ಕೆ ಹಂಡೆ, ಕೊಡ ಎಲ್ಲ ಇದ್ದವಂತೆ. "ಊರಿಗೆ ಹೋಗ್ಬೇಕಂದ್ರ ಸಾಮಾನು ಯಾರ ನೋಡ್ತಾರ? ರವಿವಾರ ಹೊರಗ ಹೋಗ್ಬೇಕಂದ್ರ ಕೀಲಿ ಎಲ್ಲೈತಿ? ನಾ ಪಾತ್ರಿ ಕಾಯಾಕ ಇದ್ದೀನೋ, ಪಾತ್ರಿ ನನ್ನ ಕಾಯಾಕ ಅದಾವೋ ತಿಳೀದಂಗಾಗಿತ್ತು. ಒಂದಿನ ಬ್ಯಾಸತ್ತು ಎಲ್ಲಾ ಹಂಚಿಬಿಟ್ನಿ. ಅವತ್ತs ಮುಲುಂಡಕ್ಕ ಹೋಗಿ ಬಂದೆ."

ಮುಲುಂಡ್ ಆಗ ಊರಾಚೆ. ಸ್ಟೇಷನ್ನಿನಿಂದ ಸ್ವಲ್ಪ ನಡೆದರೆ ಮರ, ಹುಲ್ಲು, ದೂರಕ್ಕೆ ಗುಡ್ಡ. ಪ್ರತಿ ರವಿವಾರ ಮಾವಶಿ ಲೋಕಲ್ ಹತ್ತಿ ಅಲ್ಲಿಗೆ ಹೋಗಿ, ಒಂದು ಮರದ ಕೆಳಗೆ ಕೂತು, ಶೇಂಗಾ ತಿಂದು ಬರುತ್ತಿದ್ದರು. ಒಬ್ಬರೇ. ಇದು ಎಂಥ ಚಟ ಎಂದು ಚಾಳಿನವರು ಆಡಿಕೊಳ್ಳುತ್ತಿದ್ದರು. ನಾನೂ ಆಡಿಕೊಂಡವಳೇ.

ಆಡಿಕೊಳ್ಳುವುದಕ್ಕೆ ನಮಗೆ ಜಾಗವೂ ಇತ್ತು. ಗ್ಯಾಲರಿಯ ತುದಿಗೆ, ನಳದ ಹತ್ತಿರ, ಮಧ್ಯಾಹ್ನ ಹೆಂಗಸರ ಸಭೆ ಕೂಡುತ್ತಿತ್ತು. ಸಭೆಯ ಯಜಮಾನಿ ಮೂಲೆಮನೆಯಾಕೆ, ಬೆಳಗಾವಿಯವಳು. ಎಲ್ಲರೂ ವಹಿನಿ ಎನ್ನುತ್ತಿದ್ದೆವು, ಅತ್ತಿಗೆ ಎಂದಂತೆ. ಯಾರ ಗಂಡನಿಗೆ ಕೆಮ್ಮು, ಯಾರ ಮಗು ಒಣಗುತ್ತಿದೆ, ಯಾವ ಮಿಲ್ಲು ಮುಚ್ಚುತ್ತದೆ, ಎಲ್ಲ ಆಕೆಗೆ ಗೊತ್ತು. ಅಲ್ಲಿ ಒಂದು ತಾಸು ಕೂತು ಎದ್ದರೆ ಕೈಕಾಲು ಸೋತಂತಾಗುತ್ತಿತ್ತು. ಆದರೂ ಮರುದಿನ ಹೋಗಿ ಕೂರುತ್ತಿದ್ದೆ. ಮಾವಶಿ ರಜೆಯ ದಿನ ನೀರಿಗೆ ಬಂದರೂ ಎಲ್ಲರನ್ನೂ ವಿಚಾರಿಸಿ, ಕೊಡ ತುಂಬುತ್ತಲೇ ನಡೆದುಬಿಡುತ್ತಿದ್ದರು.

"ವಹಿನಿ ಕೆಟ್ಟಾಕಿ ಏನ್ರಿ?" ಎಂದು ಒಮ್ಮೆ ಚುಚ್ಚಿದೆ.

"ಛೇ ಛೇ! ಆಕಿ ಭಾಳ ಚಲೋ ಹೆಣಮಗಳು. ಆಕಿ ಕೂಡ ಕುಂತ್ರ ನಾ ಕೆಟ್ಟಾಕಿ ಆಗ್ತೀನಿ, ಅದಕ್ಕ ಕುಂದ್ರೂದಿಲ್ಲ."

ಅವರಿಗೆ ನನ್ನ ಸಂಗ ಯಾಕೆ ಬೇಕಾಯಿತು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಸಂಜೆ ಮಿಲ್ಲಿನಿಂದ ಬಂದವರೇ ಆ ಕಹಿ ಚಹಾ ಮಾಡಿ, ಎರಡನೆಯ ಲೋಟ ನನ್ನ ಕೈಗಿಟ್ಟು, "ಏನರ ಓದಿ ಹೇಳು" ಅನ್ನುತ್ತಿದ್ದರು. ಅವರಿಗೆ ಓದು ಬಾರದು. ಪುಡಿ ಕಟ್ಟಿದ ಕಾಗದ, ಹಳೆಯ ಪೇಪರು, ಏನು ಓದಿದರೂ ಕೇಳುವರು. ಬದಲಿಗೆ ನನಗೆ ಮಿಲ್ಲಿನ ಗಂಟು ಕಲಿಸಲು ಕೂತರು. ನನ್ನ ಗಂಟು ಒಂದಾದರೂ ನಿಲ್ಲಬೇಕಲ್ಲ! ಅವರು ಎರಡು ಸಲ ಜಗ್ಗುವರು, ಅದು ಸರ್ರನೆ ಜಾರುವುದು. "ನೀ ಎಳ್ಯಾಕ ಅವಸರ ಮಾಡ್ತಿ. ಮೊದಲ ತುದಿ ಹುಡುಕು, ತುದಿ ಸಿಕ್ರ ಅರ್ಧಾ ಕೆಲಸ ಆತು," ಅನ್ನುತ್ತಿದ್ದರು. ನೂಲಿಗೂ ಅದೇ ಮಾತು, ಬದುಕಿಗೂ ಅದೇ. ಬೇರೆ ಉಪದೇಶ ಅವರ ಹತ್ತಿರ ಇರಲಿಲ್ಲ.

ಹೀಗೆ ಎರಡು ವರ್ಷ ಕಳೆದಿತ್ತು. ಒಂದು ದಿನ ನನ್ನ ಗಂಡ ಮಧ್ಯಾಹ್ನವೇ ಮನೆಗೆ ಬಂದು ಹಂಡೆಗೆ ಒರಗಿ ಕೂತರು. ಅವರು ಗುಮಾಸ್ತರಾಗಿದ್ದ ಬಟ್ಟೆ ಅಂಗಡಿ ಮುಚ್ಚಿತ್ತು. ಇನ್ನೊಂದು ಅಂಗಡಿಯಲ್ಲಿ ಅರ್ಧ ಪಗಾರದ ಕೆಲಸ ಸಿಕ್ಕಿತು, ಆದರೆ ಅದರಲ್ಲಿ ಖೋಲಿ ಇಟ್ಟುಕೊಳ್ಳುವುದು ಸಾಧ್ಯವಿರಲಿಲ್ಲ. "ನಾ ಅಂಗಡಿ ಹಿಂದ ಮಲಗ್ತೀನಿ. ನೀ ಧಾರವಾಡಕ್ಕ ಅವ್ವನ ಕಡೆ ಹೋಗು. ಎಲ್ಲಾ ನೆಟ್ಟಗಾದ ಮ್ಯಾಲೆ ಕರಸ್ಕೋತೀನಿ," ಎಂದರು. ನೆಟ್ಟಗಾಗುವುದು ಯಾವಾಗ? ಹಾಗೆ ಊರಿಗೆ ಹೋದ ನಾಲ್ವರು ಹೆಂಡಂದಿರು ನನಗೇ ಗೊತ್ತಿದ್ದರು. ಒಬ್ಬಳೂ ತಿರುಗಿ ಬಂದಿರಲಿಲ್ಲ. ಮೂಲೆಸಭೆ ನನ್ನನ್ನು ನಡುವೆ ಕೂರಿಸಿಕೊಂಡು ಮರುಗಿತು. "ಹೋಗ್ಲಿ ಬಿಡ ಬಾಯಿ, ಮುಂಬೈ ಯಾರನ್ನೂ ಸುಖಾ ಇಟ್ಟಿಲ್ಲ," ಎಂದು ವಹಿನಿ ತಲೆ ಸವರಿದಳು. ನಾನು ಗಂಟು ಮೂಟೆ ಕಟ್ಟಲು ಶುರುಮಾಡಿದೆ.

ಅಷ್ಟರಲ್ಲಿ ಒಂದು ಬುಧವಾರ ಸಂಜೆ ಮಿಲ್ಲಿನಿಂದ ಬಂದ ಮಾವಶಿ ಮೆಟ್ಟಿಲು ಹತ್ತಿ ಓಡಿ ಬಂದರು. ಚಾಳಿನ ಕೆಳಗೆ ಉಡುಪಿಯವರ ಹೋಟೆಲ್ ಇತ್ತು. ಅದರ ಮ್ಯಾನೇಜರು ಊರ ಸುದ್ದಿಯೆಲ್ಲ ಬಲ್ಲವರು, ಅವರೇ ಮಾವಶಿಗೆ ಹೇಳಿದ್ದರು. ಕನ್ನಡ ಶಾಲೆಗಳಿಗೆ ಮಾಸ್ತರರು, ಮಾಸ್ತರಿಣಿಯರು ಬೇಕಂತೆ, ಮುಲ್ಕಿ ಪಾಸಾದರೆ ಸಾಕಂತೆ, ಅರ್ಜಿ ಕೊಡಲು ಶನಿವಾರ ಕಡೆಯ ದಿನವಂತೆ.

ಮುಲ್ಕಿ ಎಂದರೆ ಆಗಿನ ಏಳನೆಯ ಇಯತ್ತೆಯ ಪರೀಕ್ಷೆ. ನಾನು ಪಾಸಾಗಿದ್ದೆ, ಅದೂ ಒಳ್ಳೆಯ ಅಂಕಗಳಿಂದ. "ಸರ್ಟಿಫಿಕೇಟ್ ಐತಿ?" ಎಂದು ಮಾವಶಿ ಕೇಳಿದರು.

"ಕೋಟಿನ್ಯಾಗ ಅದ!" ಎಂದೆ ನಗುತ್ತ. ಎಂದ ಮೇಲೆ ನೆನಪಾಯಿತು: ಆ ಕೋಟು ಈಗ ಮನೆಯಲ್ಲಿರಲಿಲ್ಲ.

ಹೇಳುತ್ತೇನೆ. ಮುಂಬಯಿ ರೈಲಿನಲ್ಲಿ ಟ್ರಂಕು ಕಳುವಾಗುತ್ತವೆ ಎಂದು ನನ್ನ ಅವ್ವನಿಗೆ ಯಾರೋ ಹೇಳಿದ್ದರು. ಮೈಮೇಲಿನ ಕೋಟನ್ನು ಯಾರೂ ಕದಿಯಲಾರರು ಎಂದು ಆಕೆ ನನ್ನ ಸರ್ಟಿಫಿಕೇಟನ್ನು ಮಡಿಚಿ, ಅಳಿಯನ ಮದುವೆಯ ಉಣ್ಣೆ ಕೋಟಿನ ಒಳಪದರದ ಅಸ್ತರಿನೊಳಗೆ ಇಟ್ಟು, ಕೌದಿ ಹೊಲಿಯುವ ದಪ್ಪ ಕೆಂಪು ದಾರದಿಂದ ಹೊಲಿದು ಕಳಿಸಿದ್ದಳು. ಬಂದ ಮೇಲೆ ಬಿಚ್ಚಬೇಕು ಅಂದುಕೊಂಡೆ, ಬಿಚ್ಚಲಿಲ್ಲ. ಪಾತ್ರೆ ತಿಕ್ಕುವವಳಿಗೆ ಸರ್ಟಿಫಿಕೇಟ್ ಯಾಕೆ? ಇನ್ನು ಮುಂಬಯಿ ಸೆಕೆಗೆ ಉಣ್ಣೆ ಕೋಟನ್ನು ಯಾರು ಹಾಕುತ್ತಾರೆ? ಹೋದ ತಿಂಗಳು ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಭಾಂಡೀವಾಲಿ ಬಂದಿದ್ದಳು. ಅವಳ ಬುಟ್ಟಿಯಲ್ಲಿ ಕನ್ನಡಿಯಂತೆ ಹೊಳೆಯುವ ಸ್ಟೀಲಿನ ಪಾತೇಲಿ. ಸ್ಟೀಲ್ ಆಗ ನಮಗೆಲ್ಲ ಹೊಸದು. ನನ್ನ ಎರಡು ಸೀರೆ ಕೊಟ್ಟರೂ ಅವಳು ಜಪ್ಪಯ್ಯ ಎನ್ನಲಿಲ್ಲ. "ಕೋಟ್ ದೇದೋ ಬಾಯಿ," ಎಂದಳು. ಕೊಟ್ಟುಬಿಟ್ಟೆ. ನಲವತ್ತು ಪಾತ್ರೆ ಇದ್ದವಳು ನಲವತ್ತೊಂದನೆಯದಕ್ಕಾಗಿ ನನ್ನ ಓದನ್ನೇ ಕೊಟ್ಟು ಕಳಿಸಿದ್ದೆ.

ನಕಲು ಪ್ರತಿಗೆ ಧಾರವಾಡಕ್ಕೆ ಬರೆದರೆ ಮಳೆಗಾಲ ಮುಗಿದರೂ ಬರುತ್ತಿರಲಿಲ್ಲ. ನಾನು ನೆಲದ ಮೇಲೆ ಕೂತು ಬೋರಾಡಿ ಅತ್ತೆ. ಸಭೆಯವರು ಬಾಗಿಲಿಗೆ ಬಂದು ನಿಂತರು. "ಅಯ್ಯ, ಹೋದದ್ದು ಹೋತು ಬಾಯಿ. ಈ ಊರಾಗ ಹೋದ ಕೋಟು ಎಂದರ ಸಿಕ್ಕದ ಏನ? ನಿನ್ನ ದೈವದಾಗ ಇಲ್ಲ," ಎಂದಳು ವಹಿನಿ. ಆಕೆಯ ಕಣ್ಣಲ್ಲೂ ನೀರಿತ್ತು, ಸುಳ್ಳು ಹೇಳಬಾರದು.

ಮಾವಶಿ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ಅವತ್ತೊಂದೇ ದಿನ ಅವರು ನಗಲಿಲ್ಲ. "ತುದಿ ಎಲ್ಲೈತಿ ಹೇಳು," ಎಂದರು. "ಆ ಪಾತ್ರಿಯಾಕಿ ಯಾವ ದಿನಾ ಬರ್ತಾಳ, ಎಲ್ಲಿ ಕುಂದ್ರತಾಳ, ಯಾರ ಕೂಡ ಮಾತಾಡ್ತಾಳ?"

ಅವಳು ಕೆಳಗಿನ ಹೋಟೆಲಿನಲ್ಲಿ ಚಹಾ ಕುಡಿಯುವುದನ್ನು ನೋಡಿದ್ದೆ. ಇಬ್ಬರೂ ಇಳಿದು ಹೋದೆವು. ಮ್ಯಾನೇಜರು ಗಲ್ಲಾಪೆಟ್ಟಿಗೆಯಿಂದ ತಲೆಯೆತ್ತಿ, "ಅವಳಾ? ಅವಳು ಬರುವುದು ಜೋಗೇಶ್ವರಿಯಿಂದ ಮಾರಾಯ್ರೆ," ಎಂದರು. "ಸ್ಟೇಷನ್ನಿನ ಹತ್ತಿರವೇ ಅವರದ್ದೊಂದು ಕೇರಿ ಉಂಟಂತೆ. ಬಟ್ಟೆಯ ರಾಶಿ ಎಲ್ಲಿ ಕಾಣ್ತದೋ ಅಲ್ಲಿ ಕೇಳಿ. ಸಿಗ್ತದೆ, ಹೆದರ್ಬೇಡಿ."

ಮರುದಿನ ಗುರುವಾರ ಮಾವಶಿ ಮಿಲ್ಲಿಗೆ ಹೋಗಲಿಲ್ಲ. ಆ ಎರಡು ವರ್ಷಗಳಲ್ಲಿ ಅವರು ಹಾಗೆ ತಪ್ಪಿಸಿದ್ದು ನಾನು ನೋಡಿಯೇ ಇರಲಿಲ್ಲ. ನಾನು ಆ ಸ್ಟೀಲ್ ಪಾತೇಲಿಯನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಿದ್ದೆ. ಅವರು ಬಾಗಿಲಿಗೆ ನೂಲು ಕಟ್ಟಿ ಮುಗಿಸಿದರೂ ನಾನು ನನ್ನ ಕೀಲಿ ಹುಡುಕುತ್ತಲೇ ಇದ್ದೆ. ಲೋಕಲಿನಲ್ಲಿ ಉದ್ದಕ್ಕೂ "ಸಿಗದಿದ್ರ? ಸಿಗದಿದ್ರ?" ಎಂದು ಅವರ ತಲೆ ತಿಂದೆ. "ಸಿಗದಿದ್ರ ಇನ್ನೊಂದು ತುದಿ ಹುಡುಕೂಣು. ಈಗ ಸುಮ್ಮ ಹೊರಗ ನೋಡು, ಗಾಳಿ ಎಷ್ಟ ಛಂದ ಬರಾಕತ್ತೈತಿ," ಎಂದರು. ನನಗೆ ಸಿಟ್ಟು ಬಂತು. ಗಾಳಿಯಂತೆ ಗಾಳಿ!

ಜೋಗೇಶ್ವರಿಯ ಆ ಕೇರಿಯಲ್ಲಿ ಹೆಂಗಸರು ಅಂಗಳದಲ್ಲಿ ಕೂತು ಹಳೆಯ ಬಟ್ಟೆ ವಿಂಗಡಿಸುತ್ತಿದ್ದರು. ನಮ್ಮ ಭಾಂಡೀವಾಲಿ ನನ್ನನ್ನು ನೋಡಿದ ಕೂಡಲೇ ಪಾತ್ರೆ ತೂತಾಯಿತೇ ಎಂದು ಜಗಳಕ್ಕೆ ಎದ್ದಳು. ವಿಷಯ ತಿಳಿದ ಮೇಲೆ ಹಣೆ ಹಣೆ ಬಡಿದುಕೊಂಡು, "ಕೋಟ್ ತೋ ದರ್ಜಿ ಕೋ ದೇ ದಿಯಾ," ಎಂದು ಪಕ್ಕದ ಗುಡಿಸಲಿಗೆ ಕರೆದುಕೊಂಡು ಹೋದಳು. ಅಲ್ಲಿ ಒಬ್ಬ ಮುದುಕ ದರ್ಜಿ ದೊಡ್ಡವರ ಕೋಟುಗಳನ್ನು ಬಿಚ್ಚಿ ಮಕ್ಕಳ ಜಾಕೀಟು ಹೊಲಿಯುತ್ತಿದ್ದ. ನಮ್ಮ ಕೋಟಿನ ಉಣ್ಣೆ ಆಗಲೇ ಮೂರು ಜಾಕೀಟಾಗಿ ಮಾರಿಹೋಗಿತ್ತು. ಅಸ್ತರು? ಅವನು ಮೂಲೆಗೆ ಕೈತೋರಿಸಿದ. ಸೊಂಟದೆತ್ತರದ ರಾಶಿ. ಎಲ್ಲ ಅದೇ ಬಣ್ಣ, ಅದೇ ಮಾಸಲು ಕಪ್ಪು. ಒಂದಿಷ್ಟು ಅಸ್ತರು ಜಾಕೀಟುಗಳಿಗೂ ಹೋಗಿದೆ ಎಂದ.

ಮಾವಶಿ ಸೆರಗು ಸಿಕ್ಕಿಸಿ ರಾಶಿಯ ಮುಂದೆ ಕೂತರು. ನೋಡುವ ಗೋಜಿಗೇ ಹೋಗಲಿಲ್ಲ. ಒಂದೊಂದೇ ತುಂಡನ್ನು ತೆಗೆದು, ಅಂಚಿನ ಉದ್ದಕ್ಕೂ ಆ ಕಾಲುವೆ ಬಿದ್ದ ಬೆರಳನ್ನು ಓಡಿಸಿ, ಪಕ್ಕಕ್ಕೆ ಇಡತೊಡಗಿದರು. ಎಷ್ಟು ತುಂಡುಗಳೋ. ನಾನು ಎಣಿಸುವುದನ್ನು ಬಿಟ್ಟು ದೇವರನ್ನು ನೆನೆಯುತ್ತಿದ್ದೆ. ಒಮ್ಮೆ ಬೆರಳು ನಿಂತಿತು. ಹಿಂದೆ ಬಂತು. ಮತ್ತೆ ನಿಂತಿತು.

"ಇದು ಗಿರಣಿ ದಾರಲ್ಲ," ಎಂದರು. "ನಿಮ್ಮವ್ವ ಭಾಳ ದಪ್ಪ ಹಾಕ್ಯಾಳ."

ತಿರುಗಿಸಿದರೆ ಕೆಂಪು ಹೊಲಿಗೆ! ನಾನು ಹರಿಯಲು ಕೈಹಾಕಿದೆ. ಅವರು ಫಟ್ಟನೆ ಕೈಗೆ ಹೊಡೆದರು. ದಾರದ ತುದಿ ಹುಡುಕಿ, ಉಗುರಿನಿಂದ ಎಬ್ಬಿಸಿ, ನಿಧಾನವಾಗಿ ಎಳೆದರು. ಇಡೀ ದಾರ ಒಂದೇ ಎಳೆಯಾಗಿ ಹೊರಗೆ ಬಂತು. ಒಳಗಿನಿಂದ ನನ್ನ ಹೆಸರು ಬರೆದ ಕಾಗದ ಜಾರಿ ಅವರ ಮಡಿಲಿಗೆ ಬಿತ್ತು. ಮೂಲೆ ಹುಳ ತಿಂದಿತ್ತು, ಅಷ್ಟೇ. ನಾನು ಅವರ ಕುತ್ತಿಗೆಗೆ ಬಿದ್ದು ಅತ್ತೆ. ಈಗ ಮಾವಶಿ ಕೇರಿಯೆಲ್ಲ ಕೇಳುವ ಹಾಗೆ ನಕ್ಕರು. ದರ್ಜಿಯೂ ನಕ್ಕ.

ಸ್ಟೀಲ್ ಪಾತೇಲಿಯನ್ನು ಭಾಂಡೀವಾಲಿಯ ಕೈಗಿಟ್ಟೆ. ಅವಳು ಬೇಡ ಬೇಡ ಎಂದಳು, ಒತ್ತಾಯ ಮಾಡಿ ಕೊಟ್ಟೆ. ತಿರುಗಿ ಬರುವಾಗ ಕೈ ಖಾಲಿ. ಗಾಳಿ ನಿಜಕ್ಕೂ ಛಂದ ಬರುತ್ತಿತ್ತು.

ಶುಕ್ರವಾರ ಅರ್ಜಿ ಕೊಟ್ಟೆ. ಎರಡು ವಾರಕ್ಕೆ ಕರೆ ಬಂತು; ನಾನು ಮಾಸ್ತರಿಣಿಯಾದೆ. ಖೋಲಿ ಉಳಿಯಿತು, ಗಂಡನ ಜೊತೆ ನಾನೂ ಮುಂಬಯಿಯಲ್ಲಿ ಉಳಿದೆ. ಹಂಡೆಯನ್ನು ಯಾರದೋ ಮದುವೆಗೆ ಕೊಟ್ಟುಬಿಟ್ಟೆ, ಹಿತ್ತಾಳೆಯೂ ಒಂದೊಂದಾಗಿ ಹೋಯಿತು. ಗಂಡ ಮೊದಲ ಸಲ ಕಾಲು ಚಾಚಿ ಮಲಗಿ, "ಆಹಾ" ಎಂದದ್ದು ಇನ್ನೂ ಕಿವಿಯಲ್ಲಿದೆ. ಶುಕ್ರವಾರದ ಅರ್ಧ ದಿನ ನನ್ನದಾಯಿತು.

ಒಂದು ರವಿವಾರ ಮಾವಶಿ ನನ್ನನ್ನೂ ಮುಲುಂಡಿಗೆ ಕರೆದುಕೊಂಡು ಹೋದರು. ಮರದ ಕೆಳಗೆ ಕೂತರು. ಕೂತವರು ಸುಮ್ಮನೆ ಅಳತೊಡಗಿದರು. ಸದ್ದಿಲ್ಲ, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನನಗೆ ಗಾಬರಿ. ಒಂದಿಷ್ಟು ಹೊತ್ತಾದ ಮೇಲೆ ಮುಖ ಒರೆಸಿಕೊಂಡು ಶೇಂಗಾದ ಪೊಟ್ಟಣ ಬಿಚ್ಚಿದರು.

"ಗಂಡ ಹ್ವಾದ, ಮಗಳೂ ಹ್ವಾದ್ಳು, ಆರು ವರ್ಷದಾಕಿ," ಎಂದರು. "ಅಳೂದು ಬ್ಯಾಡ ಅಂದ್ರ ಆಗ್ತೈತೇನ? ರವಿವಾರ ಇಲ್ಲಿ ಬಂದು ಅತ್ತು ಹೋಗ್ತೀನಿ. ಚಾಳಿನ್ಯಾಗ ಅತ್ರ ಮಂದಿ ಕೂಡ್ತಾರ, ನನ್ನ ದುಃಖಾ ಅವರದಾಗ್ತೈತಿ, ಅವರದು ನನ್ನದಾಗ್ತೈತಿ. ತಗೋ, ಶೇಂಗಾ ತಿನ್ನು."

ನಾನು ಆಡಿಕೊಂಡಿದ್ದ ಚಟ ಇದು. ಅವತ್ತು ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಹುಟ್ಟಾ ನಗುವ ಹೆಂಗಸು ಎಂದು ತಿಳಿದಿದ್ದೆ. ಅವರು ವಾರದ ಆರು ದಿನವೂ ನಗುವನ್ನು ಆರಿಸಿಕೊಳ್ಳುತ್ತಿದ್ದರು.

ಆ ದಶಕದ ಕೊನೆಗೆ ಅವರಿಗೆ ಕೆಮ್ಮು ಹತ್ತಿತು. ಹತ್ತಿ ಧೂಳಿನ ಕೆಮ್ಮು. ಒಂದು ಬೆಳಿಗ್ಗೆ ಎಂದಿನಂತೆ ಬಾಗಿಲಿಗೆ ನೂಲು ಕಟ್ಟಿ, ನಡೆದುಕೊಂಡೇ ಆಸ್ಪತ್ರೆಗೆ ಹೋದರು. ನಾನು ಜೊತೆಗೆ ಬರುತ್ತೇನೆ ಎಂದೆ. "ಸಾಲಿ ಬಿಡಬ್ಯಾಡ, ಹುಡುಗ್ರು ಕಾಯ್ತಿರ್ತಾವ," ಎಂದು ಕೆನ್ನೆ ಹಿಂಡಿದರು. ಐದನೆಯ ದಿನ, ನಾನು ಪಾಠ ಮಾಡುತ್ತಿದ್ದಾಗ, ಹೋಟೆಲಿನ ಮ್ಯಾನೇಜರೇ ಶಾಲೆಗೆ ಬಂದು ಸುದ್ದಿ ಹೇಳಿದರು. ಹೇಳಿ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು.

ಎಲ್ಲ ಮುಗಿದ ಮರುದಿನ ಚಾಳಿನ ಮಾಲೀಕರ ಕಡೆಯವನು ಖೋಲಿ ನೋಡಲು ಬಂದ. ಬಾಗಿಲಿಗೆ ಅವರು ಕಟ್ಟಿದ ನೂಲು ಹಾಗೇ ಇತ್ತು. ಆರು ದಿನ ಯಾರೂ ಮುಟ್ಟಿರಲಿಲ್ಲ, ಬೆಕ್ಕು ಸಹ. ಅವನು ಕತ್ತರಿ ಕೇಳಿದ. ಮೂಲೆಮನೆಯ ವಹಿನಿ ಬಾಗಿಲಿಗೆ ಅಡ್ಡ ನಿಂತು, "ಖಬರ್ದಾರ್, ಕತ್ತರಿ ತಂದಿ ಅಂದ್ರ ನೋಡು," ಎಂದು ಅಳುತ್ತ ಗದರಿದಳು. ನಾನು ಮುಂದೆ ಹೋಗಿ, ತುದಿ ಹುಡುಕಿ, ಬಿಚ್ಚಿದೆ. ತುಂಬ ಹೊತ್ತು ಹಿಡಿಯಿತು.

ಒಳಗೆ ಪಾತೇಲಿ, ತವೆ, ತಾಟು, ಚಾಪೆ, ಬೋರಲು ಹಾಕಿದ ಎರಡು ಲೋಟ. ಕಿಟಕಿಯ ಅಂಚಿಗೆ ಒಂದು ಮಿಲ್ಲಿನ ಬಾಬಿನ್ ಇತ್ತು. ಅದರ ಮೇಲೆ, ಒಂದರ ಪಕ್ಕ ಒಂದು ಎಳೆ ಕೂರುವಂತೆ ನೀಟಾಗಿ, ನನ್ನ ಅವ್ವನ ಕೆಂಪು ದಾರ ಸುತ್ತಿತ್ತು. ಏನನ್ನೂ ಇಟ್ಟುಕೊಳ್ಳದ ಹೆಂಗಸು ಅದನ್ನು ಇಟ್ಟುಕೊಂಡಿದ್ದರು. ನಾನು ಲೋಟಗಳ ಪಕ್ಕದಲ್ಲೇ ಕೂತೆ.

ಹೊಸಬರು ರವಿವಾರ ಬರುವವರಿದ್ದರು. ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಮಾಲೀಕರ ಕಡೆಯವನು ಕೀಲಿ ಚಾಚಿದ, ನಾನು ತೆಗೆದುಕೊಳ್ಳಲಿಲ್ಲ. ಆ ಕೆಂಪು ದಾರದಿಂದ ಚಿಲಕ ಕಟ್ಟಿ, ಅವರು ಕಲಿಸಿದ ಗಂಟು ಹಾಕಿದೆ. ಅವಸರ ಮಾಡಲಿಲ್ಲ. ಹಾಕಿ, ಅವರು ಜಗ್ಗುವಂತೆಯೇ ಎರಡು ಸಲ ಜಗ್ಗಿದೆ.

ಗಂಟು ಜಾರಲಿಲ್ಲ.